ಮನೆ, ಅಂಗಳ, ಹಿತ್ತಲ ಕೆಲಸ ನಾವೇ ಮಾಡ್ಕೊಳ್ಳೋದು: ಉತ್ತರ ಕನ್ನಡದವರು ಪದೇ ಪದೇ ಕೇಳೋ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದ ತನಕ ಕರಾವಳಿ, ಘಟ್ಟ ಹತ್ತಿದ್ರೆ ಶಿರಸಿ ಸಿದ್ದಾಪುರ ಯಲ್ಲಾಪುರ, ಈ ಕಡೆಯವರು ಮನೆ ಕೆಲಸ ಸ್ವಂತ ಮಾಡ್ಕೊಳ್ತೇನೆ ಅಂತ ಹೊರಟಾಗ ಕೇಳೋ ಪ್ರಶ್ನೆಗಳನ್ನ ಒಂದೇ ಕಡೆ ಹಾಕಿದ್ದೇನೆ. ನಮಗೇ ಬೇರೆ ಎಂತಕ್ಕೆ ಅಂದ್ರೆ, ಯೂಟ್ಯೂಬಲ್ಲಿ ಸಿಗೋ ವಿಡಿಯೊ ಎಲ್ಲಾ ಪುಣೆ, ಡೆಲ್ಲಿ, ಬೆಂಗಳೂರು ಕಡೆದು. ಬೆಂಗಳೂರಲ್ಲಿ ವರ್ಷಕ್ಕೆ ಹೆಚ್ಚುಕಮ್ಮಿ 1000 ಮಿಮೀ ಮಳೆ ಬಂದ್ರೆ ನಮ್ಮ ಕರಾವಳೀಲಿ 3000 ದಾಟ್ತದೆ, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ, ಸಮುದ್ರದ ಬದಿಯವರಿಗೆ ಉಪ್ಪು ಗಾಳಿ ಬೇರೆ. ಹಾಗಾಗಿ ಇಲ್ಲಿ ಯಾವ ಕೆಲಸಕ್ಕೂ ಮೊದಲು ನೋಡೋದು ಒಂದೇ, ನೀರು ಎಲ್ಲಿಂದ ಬರ್ತದೆ ಎಲ್ಲಿಗೆ ಹೋಗ್ತದೆ ಅಂತ. ಕೆಳಗಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಇದೇ ಮಾತು ಬರ್ತದೆ, ಬೇಜಾರಾಗ್ಬೇಡಿ.

ಯಾವ ಕೆಲಸ ನಾವೇ ಮಾಡ್ಬೋದು, ಯಾವ್ದಕ್ಕೆ ಕೈ ಹಾಕ್ಬಾರ್ದು?

ಪೇಂಟು, ಕಿಟಕಿ ಬಾಗಿಲಿಗೆ ಎಣ್ಣೆ-ಪಾಲಿಶು, ನಲ್ಲಿ ಬದಲಾಯಿಸೋದು, ಪಿವಿಸಿ ಪೈಪ್ ಜೋಡಿಸೋದು, ಗೋಡೆಗೆ ಶೆಲ್ಫು, ಸಣ್ಣಪುಟ್ಟ ಪ್ಲಾಸ್ಟರ್, ಬೇಲಿ, ಚಪ್ಪರ, ಗೊಬ್ಬರ ಗುಂಡಿ, ಅಂಗಳದ ಕಾಲುವೆ, ಇದೆಲ್ಲ ಧಾರಾಳ ಮಾಡ್ಬೋದು. ಮೇನ್ ಬೋರ್ಡಿನ ವೈರಿಂಗ್, ಆರ್‌ಸಿಸಿ ಸ್ಲ್ಯಾಬ್, ಮಳೇಲಿ ಹಂಚಿನ ಮಾಡು (ಛಾವಣಿ) ಹತ್ತೋದು ಬೇಡ.

ಚಿರೇಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಹಳೇ ಮನೆಯವರು ಇನ್ನೊಂದು ಗಮನಿಸಿ. ಅಲ್ಲಿ ಕಾಂಕ್ರೀಟ್ ಕಂಬ ಇರೋದಿಲ್ಲ, ಗೋಡೆನೇ ಮಾಡಿನ ಭಾರ ಹೊತ್ಕೊಂಡಿರ್ತದೆ, ಅಡುಗೆಮನೆ ದೊಡ್ಡ ಮಾಡ್ತೇನೆ ಅಂತ ನಡು ಗೋಡೆ ಒಡೀಲಿಕ್ಕೆ ಹೋಗ್ಬೇಡಿ, ಹೊಸ ಕಿಟಕಿ ಇಡೋದಿದ್ರೂ ಮೇಲೆ ಭಾರ ಹೊರೋ ಲಿಂಟಲ್ ಅಡ್ಡತೊಲೆ ಬೇಕೇ ಬೇಕು, ಅದಕ್ಕೆ ಅನುಭವ ಇದ್ದ ಮೇಸ್ತ್ರಿನೇ ಬರ್ಲಿ. ಹಳೇ ಬಾವಿಗೆ, ಮುಚ್ಚಿಟ್ಟ ಟ್ಯಾಂಕಿಗೆ ಒಬ್ಬರೇ ಇಳಿಯೋದಂತೂ ಸುತಾರಾಂ ಬೇಡ. ಒಳಗೆ ಆಮ್ಲಜನಕ ಕಮ್ಮಿ ಇದ್ರೆ ಹೊರಗಿಂದ ಗೊತ್ತೇ ಆಗೋದಿಲ್ಲ, ಬಿದ್ದವರನ್ನ ಎತ್ತೋಕೆ ಇಳಿದವರೂ ಹೋಗಿಬಿಡ್ತಾರೆ.

ಕೆಲಸ ಯಾವಾಗ ಶುರು ಮಾಡೋದು ಒಳ್ಳೇದು?

ಮಳೆ ನಿಂತ ಕೂಡ್ಲೇ ಅಲ್ಲ. ಗೋಡೆ ಕುಡಿದ ನೀರು ಆರ್ಲಿಕ್ಕೆ ದೀಪಾವಳಿ ಕಳೀಬೇಕು, ಒಳ್ಳೆ ಬಿಸಿಲು ಬಿದ್ದು ಗೋಡೆ ಮುಟ್ಟಿದ್ರೆ ತಣ್ಣಗೆ ಹತ್ತದ ಹಾಗೆ ಆದ್ಮೇಲೆ, ಅಂದ್ರೆ ಡಿಸೆಂಬರಿಂದ ಮಾರ್ಚ್ ಪೇಂಟಿಗೆ ಸರಿಯಾದ ಕಾಲ. ಮಾಡಿನ ಕೆಲಸ ಏಪ್ರಿಲ್ ಒಳಗೆ ಮುಗಿಸಿ. ಮೇ ತಿಂಗಳಿಗೆ ಇಟ್ಕೊಂಡ್ರೆ ಊರಿಗೆ ಊರೇ ಹಂಚು ತಿರುಗಿಸೋರನ್ನ ಹುಡುಕ್ತಾ ಇರ್ತದೆ, ಯಾರೂ ಫೋನೆತ್ತೋದಿಲ್ಲ, ಮೇ ಕೊನೇಲಿ ರೋಹಿಣಿ ಮಳೆ ಒಂದು ಹೊಡೆತ ಕೊಟ್ಟಿತು ಅಂದ್ರೆ ಅಟ್ಟದಲ್ಲಿ ಬಕೆಟ್ ಇಡೋದೇ ಗತಿ. ಜೂನ್ 7-8ಕ್ಕೆ ಮೃಗಶಿರ ಹಿಡೀತದೆ, ಆಮೇಲೆ ಮಾಡಿನ ಕಡೆ ನೋಡೋ ಹಾಗಿಲ್ಲ.

ಘಟ್ಟದ ಮೇಲಿನವರಿಗೆ ಇನ್ನೊಂದು ತಾಪತ್ರಯ. ಅಡಿಕೆ ಕೊಯ್ಲು ಶುರು ಆದ್ರೆ ಅಂಗಳ ತುಂಬಾ ಅಡಿಕೆ, ಜನರೂ ಸಿಗೋದಿಲ್ಲ, ಅಂಗಳಕ್ಕೆ ಕಲ್ಲು ಹಾಸೋ ಪ್ಲಾನ್ ಇದ್ರೆ ಕೊಯ್ಲು ಮುಗಿದ್ಮೇಲೇ.

ಜುಲೈಲಿ ಬಾಗಿಲು ಉಬ್ಬಿ ಹಾಕ್ಲಿಕ್ಕೆ ಬರೋದಿಲ್ಲ ಅಂತ ಕೆತ್ತಿಸ್ಬೇಡಿ. ಜನವರೀಲಿ ಮರ ಒಣಗಿ ಕುಗ್ಗಿದಾಗ ಸಂದಿಯಿಂದ ಬೆಕ್ಕಿನ ಮರಿ ಒಳಗೆ ಬರ್ತದೆ. ಮಳೆಗಾಲದಲ್ಲಿ ಎಲ್ಲಿ ತಿಕ್ತದೆ ಅಂತ ಪೆನ್ಸಿಲ್ ಗುರುತು ಹಾಕಿಡಿ, ಬೇಸಿಗೇಲಿ ಅಲ್ಲಷ್ಟೇ ಸ್ವಲ್ಪ ತೆಗೆದು ಬಾಗಿಲಿನ ಅಡಿ-ಮೇಲಿನ ಅಂಚಿಗೂ ಪೇಂಟ್ ಹಚ್ಚಿ. ಆ ಎರಡು ಅಂಚನ್ನ ಎಲ್ಲರೂ ಬಿಡ್ತಾರೆ, ನೀರು ಕುಡಿಯೋದು ಅಲ್ಲೇ.

ಯಾವ್ಯಾವ ಟೂಲ್ಸ್ ತಗೊಳ್ಬೇಕು?

ಹಾರೆ, ಗುದ್ದಲಿ, ಕತ್ತಿ ಹೇಗೂ ಮನೇಲಿ ಇರ್ತದೆ. ಅದರ ಮೇಲೆ ಹ್ಯಾಮರ್ ಮೋಡ್ ಇರೋ ಡ್ರಿಲ್ ಒಂದು, 6, 8, 10 ಮಿಮೀ ಬಿಟ್, ಲೆವೆಲ್, ತೂಗುಗುಂಡು, ಟೇಪು, ಕರಣೆ, ಗಟ್ಟಿ ಏಣಿ. ಆಂಗಲ್ ಗ್ರೈಂಡರ್ ಶುರುವಲ್ಲೇ ಬೇಡ, ತಗೊಂಡ್ರೂ ಗಾರ್ಡ್ ಬಿಚ್ಚಿ ಓಡಿಸ್ಬೇಡಿ, ಕಣ್ಣಿಗೆ ಕನ್ನಡಕ ಕಡ್ಡಾಯ. ಎಷ್ಟೋ ಊರಲ್ಲಿ ಟೂಲ್ ಬಾಡಿಗೆಗೆ ಕೊಡೋ ಅಂಗಡಿ ಇದಾವೆ, ವರ್ಷಕ್ಕೊಮ್ಮೆ ಬೇಕಾಗೋದನ್ನ ಬಾಡಿಗೆಗೇ ತರೋದು ಲಾಭ.

ಮಳೆಗಾಲ ಬರೋ ಮುಂಚೆ ಕಬ್ಬಿಣದ ಸಾಮಾನಿಗೆಲ್ಲ ಮೆಷಿನ್ ಎಣ್ಣೆ ಒರೆಸಿ ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಡಿ. ಬಚ್ಚಲ ಪಕ್ಕದ ಕೋಣೇಲಿ ಡ್ರಿಲ್ ಇಟ್ರೆ ಸೆಪ್ಟೆಂಬರಿಗೆ ಚಕ್ ತಿರುಗೋದಿಲ್ಲ.

ಚಿರೇಕಲ್ಲಿನ ಗೋಡೆಗೆ ಮೊಳೆನೂ ನಿಲ್ಲೋದಿಲ್ಲ, ಸ್ಕ್ರೂನೂ ನಿಲ್ಲೋದಿಲ್ಲ, ಎಂತ ಮಾಡೋದು?

ಇದು ಎಲ್ಲರ ಮನೆ ಗೋಳು. ಚಿರೇಕಲ್ಲು ಒಳಗೆ ಜೇನುಗೂಡಿನ ಹಾಗೆ ತೂತು, ಕೆಲವು ಕಡೆ ಕಬ್ಬಿಣದಂಥ ಗಟ್ಟಿ ಗಂಟು, ಅದರ ಪಕ್ಕದಲ್ಲೇ ಉಗುರಲ್ಲಿ ಕೆರೆದ್ರೆ ಬರೋ ಮಣ್ಣು. ಡ್ರಿಲ್ ಬಿಟ್ ಗಟ್ಟಿ ಜಾಗದಿಂದ ಮೆತ್ತಗಿನ ಕಡೆ ಜಾರಿ ತೂತು ಅಗಲ ಆಗ್ತದೆ, ಪ್ಲಗ್ ಒಳಗೇ ತಿರುಗ್ತಾ ಕೂರ್ತದೆ.

ಮೊದಲು ಹ್ಯಾಮರ್ ಆಫ್ ಮಾಡಿ ಮಾಮೂಲಿ ಮೋಡಲ್ಲೇ, ಬೇಕಾದ ಸೈಜಿಗಿಂತ ಒಂದು ಸೈಜ್ ಸಣ್ಣ ಬಿಟ್ಟಲ್ಲಿ ತೂತು ಮಾಡಿ. ಬರೋ ಪುಡಿ ನೋಡ್ತಾ ಇರಿ. ಹಳದಿ ಮಿಶ್ರ ಮೆತ್ತಗಿನ ಮಣ್ಣು ಬಂತೋ, ಆ ಜಾಗ ಬಿಟ್ಟು ಎರಡು ಇಂಚು ಪಕ್ಕಕ್ಕೆ ಹೋಗಿ. ಕಡು ಕೆಂಪು ಪುಡಿ ಬಂದು ಬಿಟ್ ಗುರ್ರ್ ಅಂತ ತಡೆದ್ರೆ ಅದು ಒಳ್ಳೆ ಜಾಗ, ಆಗ ಬೇಕಾದ ಸೈಜಿಗೆ ಹ್ಯಾಮರಲ್ಲಿ ಹೊಡೀರಿ. ಪ್ಲಾಸ್ಟರ್ ಎಷ್ಟು ದಪ್ಪ ಇದೆಯೋ ಅದನ್ನ ಬಿಟ್ಟು ಕಲ್ಲಿನ ಒಳಗೆ ಕಮ್ಮಿ ಅಂದ್ರೂ ಎರಡು ಇಂಚು ಪ್ಲಗ್ ಇಳೀಬೇಕು, ಅಂಗಡಿಯವರು ಪ್ಯಾಕೆಟಲ್ಲಿ ಕೊಡೋ ಇಂಚಿನ ಪ್ಲಗ್ ಫೋಟೊ ನೇತು ಹಾಕ್ಲಿಕ್ಕಷ್ಟೇ ಸೈ.

ಭಾರ ಇರೋ ಶೆಲ್ಫು, ಗೀಸರ್, ಟಿವಿ ಸ್ಟ್ಯಾಂಡ್ ಅಂದ್ರೆ ಕೆಮಿಕಲ್ ಆ್ಯಂಕರ್ (ತೂತಿಗೆ ಅಂಟು ತುಂಬಿ ಕೂರಿಸೋ ಬೋಲ್ಟು) ಹಾಕಿ, ತೂತನ್ನ ಊದಿ ಬ್ರಶ್ ಮಾಡಿ ಧೂಳು ಪೂರ್ತಿ ತೆಗೀಬೇಕು, ಇಲ್ದಿದ್ರೆ ಅಂಟು ಧೂಳಿಗೆ ಹಿಡೀತದೆಯೇ ಹೊರತು ಕಲ್ಲಿಗಲ್ಲ. ಹಳೇ ಆಚಾರಿಗಳ ದಾರಿನೂ ತಪ್ಪಿಲ್ಲ, ಗೋಡೇಲಿ ದೊಡ್ಡ ಚೌಕ ತೂತು ಮಾಡಿ ಒಳಗೆ ಅಗಲ ಹೊರಗೆ ಕಿರಿದು ಇರೋ ಮರದ ತುಂಡು ಇಟ್ಟು ಸುತ್ತ ಗಟ್ಟಿ ಸಿಮೆಂಟ್ ತುಂಬಿ, ಒಣಗಿದ್ಮೇಲೆ ಆ ಮರಕ್ಕೇ ಸ್ಕ್ರೂ. ಗೀಸರಿಗೆ ನನಗೆ ಇದರ ಮೇಲೇ ನಂಬಿಕೆ.

ಹಂಚಿನ ಮಾಡು ಸೋರ್ತದೆ, ನಾವೇ ಸರಿ ಮಾಡ್ಬೋದಾ?

ಒಂದೆರಡು ಹಂಚು ಬದಲಾಯಿಸೋದು ಮಾಡ್ಬೋದು, ಒಳಗಿಂದ, ಅಟ್ಟದ ಮೇಲೆ ನಿಂತು. ಮಾಡಿನ ಮೇಲೆ ಹತ್ತಿ ನಡೀಲಿಕ್ಕೆ ಹೋದ್ರೆ ಸರಿ ಮಾಡಿದ್ದಕ್ಕಿಂತ ಒಡೆದದ್ದೇ ಜಾಸ್ತಿ ಆಗ್ತದೆ.

ಸೋರೋ ಜಾಗ ಹುಡುಕೋದೇ ದೊಡ್ಡ ಕೆಲಸ. ನೀರು ಬೀಳೋ ಜಾಗದ ನೇರ ಮೇಲೆ ತೂತು ಇರ್ತದೆ ಅಂತಿಲ್ಲ, ಮೇಲೆಲ್ಲೋ ಒಳಗೆ ಬಂದು ಪಕಾಸಿನ (ಮಾಡಿನ ಇಳಿಜಾರು ಮರದ) ಮೇಲೆ ಹರಿದು ಮೂರ್ನಾಲ್ಕು ಅಡಿ ಕೆಳಗೆ ಬಂದು ತೊಟ್ಟಿಕ್ತದೆ. ಮಳೆ ಬರುವಾಗ ಟಾರ್ಚ್ ಹಾಕಿ ಪಕಾಸಿನ ಮೇಲೆ ಒದ್ದೆ ಗೆರೆ ಎಲ್ಲಿಂದ ಶುರು ಆಗಿದೆ ನೋಡಿ, ಅಲ್ಲಿ ಸೀಮೆಸುಣ್ಣದ ಗುರುತು. ಬಿಸಿಲು ಇದ್ದ ದಿನ ಅಟ್ಟದ ಲೈಟ್ ಆಫ್ ಮಾಡಿ ಕೂತ್ರೆ ಬಿರುಕು ಬಿಟ್ಟ ಹಂಚಿನಲ್ಲಿ ಕೂದಲೆಳೆ ಬೆಳಕು ಕಾಣ್ತದೆ.

ಹೊಸ ಹಂಚು ತರೋ ಮುಂಚೆ ಹಳೇ ಹಂಚಿನ ಹಿಂಬದಿ ತಿರುಗಿಸಿ ಅಚ್ಚೊತ್ತಿದ ಕಾರ್ಖಾನೆ ಹೆಸರು ಓದ್ಕೊಳ್ಳಿ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಹಾಕಿದ್ಮೇಲೆ ಕರಾವಳಿ ಉದ್ದಕ್ಕೂ ಎಷ್ಟೋ ಕಾರ್ಖಾನೆ ಬಂದವು, ನೋಡ್ಲಿಕ್ಕೆ ಎಲ್ಲಾ ಒಂದೇ, ಆದ್ರೆ ಅಂಚಿನ ಗಾಡಿ (ಸಿಕ್ಕಿಕೊಳ್ಳೋ ತೋಡು) ಒಂದಕ್ಕೊಂದು ಕೂರೋದಿಲ್ಲ. ಒಂದು ನೂಲಿನಷ್ಟು ಎದ್ದು ನಿಂತ್ರೂ ಗಾಳಿ ಮಳೆ ಅಲ್ಲಿಂದ ಒಳಗೆ ಬರ್ತದೆ. ಹಳೇ ಮನೆ ಕೆಡವೋ ಕಡೆ ಅದೇ ಹೆಸರಿನ ಹಂಚು ಸಿಕ್ರೆ ಒಂದಿಪ್ಪತ್ತು ಹೆಚ್ಚಿಗೆ ತಂದು ಹಿತ್ತಲಲ್ಲಿ ಒಟ್ಟಿಡಿ. ಒಟ್ಟಿಟ್ಟ ಹಂಚು ತೆಗೆಯುವಾಗ ಕೈ ಹಾಕೋ ಮುಂಚೆ ಕೋಲಲ್ಲಿ ತಟ್ಟಿ, ಚೇಳು ಹಾವಿಗೆ ಅದು ಇಷ್ಟದ ಜಾಗ.

ಬದಲಾಯಿಸೋದು ಹೇಗೆ ಅಂದ್ರೆ ಒಡೆದ ಹಂಚಿನ ಮೇಲಿನ ಸಾಲಿನ ಹಂಚನ್ನ ಒಳಗಿಂದ ಸ್ವಲ್ಪ ಎತ್ತಿ ಹಿಡ್ಕೊಂಡು, ಒಡೆದದ್ದನ್ನ ರೀಪಿನಿಂದ (ಹಂಚು ಕೂರೋ ಅಡ್ಡಪಟ್ಟಿಯಿಂದ) ಬಿಡಿಸಿ ಓರೆ ಮಾಡಿ ಒಳಗೆ ತಗೊಳ್ಳೋದು, ಹೊಸದನ್ನ ಅದೇ ದಾರೀಲಿ ಹೊರಗೆ ಕಳಿಸಿ ರೀಪಿಗೆ ಅದರ ಹಿಂಬದಿ ಮೂಗು ಸಿಕ್ಕಿಸೋದು. ಇಬ್ಬರು ಇದ್ರೆ ಸುಲಭ. ಅಟ್ಟ ಕತ್ತಲೆ ಅನಿಸಿದ್ರೆ ಇದೇ ಹೊತ್ತಲ್ಲಿ ಒಂದೆರಡು ಗಾಜಿನ ಹಂಚು ಹಾಕ್ಕೊಳ್ಳಿ. ಎರಡು ಮಾಡು ಸೇರೋ ಜಾಗದ ತಗಡು ತುಕ್ಕು ಹಿಡಿದಿದ್ರೆ ಅದು ನಿಮ್ಮ ಕೆಲಸ ಅಲ್ಲ, ಜನ ಕರೀರಿ. ಮಂಗನ ಕಾಟಕ್ಕೆ ಮಾತ್ರ ಯಾರ ಹತ್ರನೂ ಉತ್ತರ ಇಲ್ಲ ಮಾರಾಯ್ರೆ, ಮಾಡಿಗೆ ತಾಗೋ ಕೊಂಬೆ ಕಡಿಯೋದಷ್ಟೇ ಕೈಲಾಗೋದು.

ಸ್ಲ್ಯಾಬ್ ಸೋರ್ತದೆ, ಮೇಲೆ ಕೋಟಿಂಗ್ ಹೊಡೆದ್ರೆ ಸಾಕಾ?

ಎಷ್ಟೋ ಸಲ ತೊಂದರೆ ಇರೋದು ಕೋಟಿಂಗಲ್ಲಿ ಅಲ್ಲ, ಇಳಿಜಾರಲ್ಲಿ. ಮಳೆ ನಿಂತು ಒಂದು ಗಂಟೆ ಆದ್ಮೇಲೂ ಟೆರೇಸಲ್ಲಿ ನೀರು ನಿಂತಿದ್ರೆ ಮೊದಲು ಪೈಪಿನ ಬಾಯಿ ಕಡೆ ಇಳಿಜಾರು ಮಾಡಿ, ನೂರು ಅಡಿಗೆ ಒಂದು ಅಡಿ ಲೆಕ್ಕ ಕನಿಷ್ಠ. ಬಿರುಕನ್ನ ವಿ ಆಕಾರಕ್ಕೆ ಕೆತ್ತಿ ಅಗಲ ಮಾಡಿ ಧೂಳು ತೊಳೆದು ಪಾಲಿಮರ್ ಸೇರಿಸಿದ ಸಿಮೆಂಟ್ ತುಂಬಿ, ಆಮೇಲೆ ಕೋಟಿಂಗು, ಒಂದು ಉದ್ದಕ್ಕೆ ಒಂದು ಅಡ್ಡಕ್ಕೆ. ಗೋಡೆ ಸ್ಲ್ಯಾಬ್ ಸೇರೋ ಮೂಲೇಲಿ ಗೋಡೆ ಮೇಲೂ ಒಂದಡಿ ಹತ್ತಿಸಿ. ಒಣಗಿದ್ಮೇಲೆ ಪೈಪ್ ಬಾಯಿ ಮುಚ್ಚಿ ನೀರು ಕಟ್ಟಿ ಒಂದೆರಡು ದಿನ ಬಿಟ್ಟು ಕೆಳಗೆ ನೋಡಿ.

ಸ್ಲ್ಯಾಬಿನ ಅಡಿ ಸಿಮೆಂಟ್ ಚಕ್ಕೆ ಉದುರಿ ಕಬ್ಬಿಣ ಕಾಣ್ತಾ ಇದ್ರೆ ಕತೆ ಬೇರೆ. ಕಬ್ಬಿಣ ತುಕ್ಕು ಹಿಡಿದ್ರೆ ಎರಡು ಪಟ್ಟಿಗಿಂತ ಜಾಸ್ತಿ ಜಾಗ ತಗೊಳ್ತದೆ, ಒಳಗಿಂದಲೇ ಕಾಂಕ್ರೀಟ್ ಒಡೀತದೆ, ಮೇಲಿಂದ ಪ್ಲಾಸ್ಟರ್ ಬಳಿದು ಮುಚ್ಚಿದ್ರೆ ಒಳಗೆ ಅದು ನಿಲ್ಲೋದಿಲ್ಲ. ಸಮುದ್ರದ ಹತ್ತಿರದ ಹಳೇ ಮನೆಗಳಲ್ಲಿ ಇದು ಬಹಳ. ಇಂಜಿನಿಯರಿಗೆ ತೋರಿಸಿ, ಅಲ್ಲೀ ತನಕ ಅದರ ಅಡಿ ಮಂಚ ಹಾಕ್ಬೇಡಿ.

ಕಾರವಾರದಲ್ಲಿ ಗೇಟು, ಗ್ರಿಲ್ ಎರಡೇ ವರ್ಷಕ್ಕೆ ತುಕ್ಕು, ಪರಿಹಾರ ಇದೆಯಾ?

ತುಕ್ಕಿನ ಮೇಲೇ ಪೇಂಟ್ ಹೊಡೀತಾ ಹೋದ್ರೆ ಇಲ್ಲ. ವೈರ್ ಬ್ರಶ್, ಮರಳು ಕಾಗದ ಹಾಕಿ ಹೊಳಪು ಕಾಣೋ ತನಕ ಉಜ್ಜಿ, ಆಮೇಲೆ ಸಿಹಿ ನೀರಲ್ಲಿ ತೊಳೆದು ಒಣಗಿಸಿ, ಈ ತೊಳೆಯೋದನ್ನ ಯಾರೂ ಮಾಡೋದಿಲ್ಲ. ಗಾಳಿಯಿಂದ ಬಂದ ಉಪ್ಪು ಕಬ್ಬಿಣದ ಮೇಲೆ ಕೂತಿರ್ತದೆ, ಅದನ್ನ ಹಾಗೇ ಬಿಟ್ಟು ಪ್ರೈಮರ್ ಹೊಡೆದ್ರೆ ಒಳಗಿಂದ ಗುಳ್ಳೆ ಎದ್ದು ಬರ್ತದೆ. ಒಣಗಿದ ದಿನವೇ ಪ್ರೈಮರ್, ಮಾರನೇ ದಿನಕ್ಕೆ ಬಿಡ್ಬೇಡಿ, ಮೇಲೆ ಎರಡು ಕೋಟ್ ಪೇಂಟು. ವೆಲ್ಡಿಂಗ್ ಮಾಡಿದ ಜಾಯಿಂಟು, ಗೇಟಿನ ಅಡಿ ಪಟ್ಟಿ, ಇಲ್ಲಿ ಒಂದು ಕೋಟ್ ಜಾಸ್ತಿ.

ಹೊಸದಾಗಿ ಮಾಡ್ಸೋದಿದ್ರೆ ಟೊಳ್ಳು ಪೈಪಿನ ಗೇಟ್ ಬೇಡ, ಒಳಗಿಂದ ಹಾಳಾಗೋದು ಕಾಣೋದೇ ಇಲ್ಲ. ಸ್ಟೀಲ್ ಅಂದ್ರೆ ಎಲ್ಲಾ ಒಂದೇ ಅಲ್ಲ, ಅಂಗಡೀಲಿ ಮಾಮೂಲಿ ಸಿಗೋದು 304, ಬೈತಕೋಲ್, ಕೋಡಿಬಾಗ, ಮಾಜಾಳಿ ಕಡೆ ಸಮುದ್ರಕ್ಕೆ ಮುಖ ಮಾಡಿದ ಮನೇಲಿ ಅದರ ಮೇಲೂ ಕಂದು ಕಲೆ ಬರ್ತದೆ, 316ರಲ್ಲಿ ಮಾಲಿಬ್ಡಿನಂ ಇರೋದ್ರಿಂದ ಉಪ್ಪಿಗೆ ಹೆಚ್ಚು ತಡೀತದೆ, ರೇಟೂ ಹಾಗೇ ಇರ್ತದೆ. ಪೂರ್ತಿ ಗೇಟ್ 316 ಮಾಡ್ಸೋ ಬದ್ಲು ಸ್ಕ್ರೂ, ಬೋಲ್ಟು, ಹಿಂಜು ಇಷ್ಟನ್ನ 316 ತಗೊಳ್ಳಿ ಸಾಕು.

ಗೋಡೆ ಮೇಲೆ ಪಾಚಿ, ಒಳಗೆ ಬೂಸ್ಟು. ಯಾವ ಪೇಂಟ್ ಒಳ್ಳೇದು?

ಪೇಂಟ್ ಆಮೇಲೆ. ಸೂರಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಗೋಡೆಗೆ ಸಿಡೀತಾ ಇದೆಯಾ, ಗೋಡೆ ಬುಡದಲ್ಲಿ ಮಣ್ಣು ಏರಿ ಕೂತಿದೆಯಾ, ಬಚ್ಚಲ ಪೈಪ್ ಒಳಗೇ ಒಸರ್ತಾ ಇದೆಯಾ, ಮೊದಲು ಅದನ್ನ ನೋಡಿ. ಸೂರಿಗೆ ದೋಣಿ ಪೈಪ್ (ನೀರು ಹಿಡಿದು ಸಾಗಿಸೋ ಅರ್ಧ ಪೈಪ್) ಹಾಕೋದು, ನೀರು ಬೀಳೋ ಗೆರೆಗೆ ಜೆಲ್ಲಿ ಹಾಸೋದು, ಇವೆರಡರಿಂದಲೇ ಅರ್ಧ ಪಾಚಿ ಕಮ್ಮಿ ಆಗ್ತದೆ. ಹಿಂದೆ ಮಳೆ ಹೊಡೆಯೋ ದಿಕ್ಕಿಗೆ ತೆಂಗಿನ ಮಡಲಿನ ತಟ್ಟಿ ಕಟ್ತಾ ಇದ್ರು, ಈಗ ನೀಲಿ ಪ್ಲಾಸ್ಟಿಕ್ ಹೊದೆಸ್ತಾರೆ. ಎರಡರಲ್ಲಿ ತಟ್ಟಿನೇ ಮೇಲು ಅನ್ನೋದು ನನ್ನ ಅಭಿಪ್ರಾಯ, ಗಾಳಿ ಆಡ್ತದೆ.

ಇರೋ ಪಾಚಿ ಒಣ ಬ್ರಶ್ಶಲ್ಲಿ ಕೆರೆದು, ಬ್ಲೀಚಿಂಗ್ ಪೌಡರ್ ನೀರು ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆದು ಒಣಗಿಸಿ. ಬ್ಲೀಚಿಂಗ್ ಜೊತೆ ಆ್ಯಸಿಡ್, ಟಾಯ್ಲೆಟ್ ಕ್ಲೀನರ್ ಯಾವತ್ತೂ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಏಳ್ತದೆ. ಹೊಸ ಪ್ಲಾಸ್ಟರ್ ಆಗಿದ್ರೆ ಒಂದು ವಾರ ನೀರು ಹೊಡೆದು, 28 ದಿನ ಬಿಟ್ಟೇ ಪೇಂಟ್.

ಹಳೇ ಚಿರೇಕಲ್ಲು-ಮಣ್ಣಿನ ಗೋಡೆ ಇದ್ದವರಿಗೆ ಸುಣ್ಣನೇ ನನ್ನ ಸಲಹೆ. ಗೋಡೆ ಒಳಗಿನ ಪಸೆ ಸುಣ್ಣದ ಮೂಲಕ ಹೊರಗೆ ಹೋಗ್ತದೆ, ಪ್ಲಾಸ್ಟಿಕ್ ಪೇಂಟ್ ಬಳಿದ್ರೆ ಒಳಗೇ ಸಿಕ್ಕಿ ಹಾಳೆ ಹಾಳೆಯಾಗಿ ಏಳ್ತದೆ. ಅಳಿವೆ ಕಡೆ ಸಿಗೋ ಚಿಪ್ಪಿ ಸುಟ್ಟ ಸುಣ್ಣ ಸಿಕ್ಕಿದ್ರೆ ಇನ್ನೂ ಒಳ್ಳೇದು. ಸುಟ್ಟ ಸುಣ್ಣವನ್ನ ನೀರಿಗೆ ಸ್ವಲ್ಪ ಸ್ವಲ್ಪ ಹಾಕಿ, ಸುಣ್ಣದ ಮೇಲೆ ನೀರು ಸುರೀಬೇಡಿ, ಕೊತ ಕೊತ ಕುದ್ದು ಮುಖಕ್ಕೆ ಸಿಡೀತದೆ, ಪ್ಲಾಸ್ಟಿಕ್ ಬಕೆಟ್ ಬೇಡ, ಮಕ್ಕಳು ದೂರ ಇರ್ಲಿ. ತೆಳು ಮಾಡಿ ಎರಡು ಮೂರು ಸಲ ಹಚ್ಚಿ, ದಪ್ಪ ಒಂದೇ ಸಲ ಹಚ್ಚಿದ್ರೆ ಬಟ್ಟೆಗೆಲ್ಲ ಹತ್ತೋ ಸುಣ್ಣ ಅದೇ.

ಸಮುದ್ರದ ಹೊಯ್ಗೆ (ಮರಳು) ಸಿಮೆಂಟಿಗೆ ಹಾಕ್ಬೋದಾ? ಉಳಿದ ಸಿಮೆಂಟ್ ಮುಂದಿನ ವರ್ಷಕ್ಕೆ ಇಡ್ಬೋದಾ?

ಎರಡಕ್ಕೂ ಇಲ್ಲ. ಹೊಯ್ಗೆಯ ಉಪ್ಪು ಕಬ್ಬಿಣ ತಿಂತದೆ, ಪ್ಲಾಸ್ಟರ್ ಮೇಲೆ ಬಿಳಿ ಪುಡಿ ಏಳಿಸ್ತದೆ, ಕಡಲ ತೀರದಿಂದ ಹೊಯ್ಗೆ ತೆಗೆಯೋದು ಕಾನೂನಿಗೂ ವಿರುದ್ಧ. ಸಿಮೆಂಟ್ ಚೀಲ ನೆಲ ಗೋಡೆ ಎರಡಕ್ಕೂ ತಾಗದ ಹಾಗೆ ಹಲಗೆ ಮೇಲಿಟ್ರೂ ಮೂರು ತಿಂಗಳೊಳಗೆ ಮುಗಿಸಿ, ನಮ್ಮ ಮಳೆಗಾಲದ ಗಾಳಿಗೆ ಅಷ್ಟೂ ತಡಿಯೋದಿಲ್ಲ. ಗಂಟು ಬೆರಳಲ್ಲಿ ಒತ್ತಿದ್ರೆ ಪುಡಿ ಆಗದಿದ್ದ ಸಿಮೆಂಟ್ ಸತ್ತ ಹಾಗೇ. ಗೋಡೆ ಕಟ್ಟೋಕೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ರೇತಿ (ಮರಳು), ಪ್ಲಾಸ್ಟರಿಗೆ ಒಂದಕ್ಕೆ ನಾಲ್ಕು, ಚಿರೇಕಲ್ಲು ಮೊದಲೇ ಚೆನ್ನಾಗಿ ನೆನೀಬೇಕು, ಇಲ್ದಿದ್ರೆ ಗಾರೆಯ ನೀರನ್ನ ಕಲ್ಲೇ ಕುಡಿದು ಪ್ಲಾಸ್ಟರ್ ತಟ್ಟಿದ್ರೆ ಟೊಳ್ಳು ಶಬ್ದ ಬರ್ತದೆ.

ಒರಲೆ (ಗೆದ್ದಲು) ಹತ್ತಿದೆ, ಗೇರು ಎಣ್ಣೆ ಹಚ್ಚಿದ್ರೆ ಹೋಗ್ತದಾ?

ಹತ್ತೋ ಮುಂಚೆ ಹಚ್ಚಿದ್ರೆ ಗೇರು ಎಣ್ಣೆ ಒಳ್ಳೇ ಕೆಲಸ ಮಾಡ್ತದೆ, ದೋಣಿಗೂ ಅದನ್ನೇ ಹಚ್ಚೋದು. ಚರ್ಮಕ್ಕೆ ತಾಗಿದ್ರೆ ಮಾತ್ರ ಬೊಕ್ಕೆ ಏಳ್ತದೆ, ಗ್ಲೌಸ್ ಹಾಕಿ, ಒಣಗೋ ತನಕ ಯಾರೂ ಮುಟ್ಟದ ಹಾಗೆ ನೋಡ್ಕೊಳ್ಳಿ. ಒರಲೆ ಈಗಾಗಲೇ ಒಳಗೆ ಹೊಕ್ಕಿದ್ರೆ ಗೋಡೆ ಮೇಲಿನ ಮಣ್ಣಿನ ಕೊಳವೆ ಒಡೆದು ಬಿಟ್ರೆ ಸಾಲದು, ಅದು ನೆಲದಿಂದ ಬರ್ತಾ ಇರೋದು. ಕೊಳವೆ ಯಾವ ಬಿರುಕಿಂದ ಎದ್ದಿದೆ ಹುಡುಕಿ ಅಲ್ಲಿ ಔಷಧಿ ಇಳಿಸ್ಬೇಕು, ಪ್ರಮಾಣ ಡಬ್ಬಿ ಮೇಲೆ ಇದ್ದಷ್ಟೇ, ಬಾವಿ ಹತ್ತಿರ ಇದ್ರೆ ತಿಳಿದವರನ್ನ ಕೇಳದೆ ಹಾಕ್ಬೇಡಿ. ಸೌದೆ, ಹಳೇ ಹಲಗೆ ಗೋಡೆಗೆ ಒರಗಿಸಿ ಇಡೋ ಅಭ್ಯಾಸ ಬಿಟ್ರೆ ಬರೋದೇ ಕಮ್ಮಿ.

ಮನೆ ಹಿಂದೆ ಗುಡ್ಡ ಇದೆ, ಸ್ವಲ್ಪ ಕಡಿದು ಹಿತ್ತಲು ಅಗಲ ಮಾಡ್ಬೋದಾ?

ಜೆಸಿಬಿ ಒಂದು ದಿನಕ್ಕೆ ಬಂದು ನೇರ ಗೋಡೆ ಹಾಗೆ ಕಡಿದು ಹೋಗೋದು ನಮ್ಮ ಜಿಲ್ಲೇಲಿ ಎಲ್ಲಾ ಕಡೆ ಕಾಣ್ತದೆ. ಬೇಸಿಗೇಲಿ ಗಟ್ಟಿಯಾಗಿ ನಿಂತದ್ದು ಜುಲೈಲಿ ನೀರು ಕುಡಿದು ಭಾರ ಆಗಿ ಕುಸೀತದೆ. 2009ರ ಅಕ್ಟೋಬರಲ್ಲಿ ಕಾರವಾರದ ಕಡವಾಡ, 2021ರ ಜುಲೈಲಿ ಯಲ್ಲಾಪುರದ ಕಳಚೆ, 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರು, ಇಲ್ಲೆಲ್ಲ ಗುಡ್ಡ ಕುಸಿದದ್ದು ನಾವು ಕಣ್ಣಾರೆ ನೋಡಿದ್ದು. ಒಂದೊಂದಕ್ಕೂ ಕಾರಣ ಬೇರೆ ಬೇರೆ ಇರ್ಬೋದು, ಜೋರು ಮಳೇಲಿ ನೀರು ಕುಡಿದ ಗುಡ್ಡ ಜಾರ್ತದೆ ಅನ್ನೋದು ಮೂರಕ್ಕೂ ಒಂದೇ.

ಹಾಗಾಗಿ ಇದು ಸ್ವಂತ ಮಾಡೋ ಕೆಲಸ ಅಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಪಿಚಿಂಗ್ (ಇಳಿಜಾರಿಗೆ ಕಲ್ಲಿನ ಆಸರೆ) ಕಟ್ಟಿಸಿ, ಕಟ್ಟಿದ ಗೋಡೆಗೆ ನೀರು ಹೊರಗೆ ಬರೋ ಪೈಪ್ ಬಿಡಿಸ್ಬೇಕು, ಅದೂ ಗೊತ್ತಿದ್ದವರ ಕೈಲಿ. ನೀವು ಮಾಡ್ಬೋದಾದ್ದು ಮೇಲಿನ ಕಾಲುವೆ. ಕಡಿದ ಜಾಗದ ತಲೆ ಮೇಲೆ ಗುಡ್ಡದ ನೀರನ್ನ ಪಕ್ಕಕ್ಕೆ ತಿರುಗಿಸೋ ಕಾಲುವೆ ತೆಗೆದು ಪ್ರತಿ ಮೇ ತಿಂಗಳು ಎಲೆ ಮಣ್ಣು ತೆಗೀತಾ ಇರಿ. ಗುಡ್ಡದ ಮೇಲೆ ಬಿರುಕು ಕಂಡ್ರೆ, ಮರ ವಾಲಿದ್ರೆ, ಒರತೆ ಇದ್ದಕ್ಕಿದ್ದ ಹಾಗೆ ಕೆಂಪು ನೀರಾದ್ರೆ ರಾತ್ರಿ ಆ ಮನೇಲಿ ಮಲಗ್ಬೇಡಿ, ಪಂಚಾಯ್ತಿಗೆ ತಿಳಿಸಿ.

ಮಾಡಿನ ನೀರು ಬಾವಿಗೆ ಬಿಡ್ಬೋದಾ? ಎಷ್ಟು ಸಿಗ್ತದೆ?

ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಮೀ ಮಳೆ ಅಂದ್ರೆ ಒಂದು ಲೀಟರ್. 100 ಚದರ ಮೀಟರ್ ಮಾಡು, 3000 ಮಿಮೀ ಮಳೆ, ಅಂದ್ರೆ 3 ಲಕ್ಷ ಲೀಟರ್, ಸೋರಿಕೆ ಸಿಡಿತ ಕಳೆದ್ರೂ 2.4 ಲಕ್ಷ. ಮೊದಲ ಎರಡು ಮೂರು ಮಳೆ ನೀರು ಹೊರಗೆ ಬಿಡಿ, ಹಕ್ಕಿ ಹಿಕ್ಕೆ, ಎಲೆ, ಧೂಳೆಲ್ಲ ಹೋಗ್ಲಿ. ಆಮೇಲೆ ಒಂದು ಡ್ರಮ್ಮಲ್ಲಿ ಕೆಳಗೆ ದೊಡ್ಡ ಜೆಲ್ಲಿ, ನಡುವೆ ಇದ್ದಿಲು, ಮೇಲೆ ತೊಳೆದ ರೇತಿ ಹಾಕಿ ಅದರ ಮೂಲಕ ಬಾವಿಗೆ. ಕುಡಿಯೋಕೆ ಬಳಸೋ ಬಾವಿ ಆದ್ರೆ ಕುದಿಸಿ ಕುಡೀರಿ.

ಮಳೆಗಾಲದಲ್ಲಿ ಬಾವಿ ಹೇಗೂ ತುಂಬಿರ್ತದಲ್ಲ ಅಂತ ಘಟ್ಟದ ಮೇಲಿನವರು ಕೇಳ್ತಾರೆ, ನ್ಯಾಯವೇ. ಇಲ್ಲಿ ಚಿರೇಕಲ್ಲು ನೀರನ್ನ ಬೇಗ ಕುಡಿದು ಅಷ್ಟೇ ಬೇಗ ಕೆಳಗೆ ಬಿಟ್ಟುಬಿಡ್ತದೆ. ಅದಕ್ಕೆ ಅಕ್ಟೋಬರ್ ಕೊನೆ ಮಳೆ ಮುಖ್ಯ, ಬಾವಿಯ ಮೇಲ್ಗಡೆ ಇಂಗುಗುಂಡಿ ಇದ್ರೆ ಅದು ನಿಧಾನಕ್ಕೆ ಇಳೀತದೆ. ಕಡಿದ ಗುಡ್ಡದ ತಲೆ ಮೇಲೆ ಮಾತ್ರ ಇಂಗುಗುಂಡಿ ಬೇಡ, ಎಂತಕ್ಕೆ ಅಂತ ಮೇಲೆ ಓದಿದ್ರಿ. ಸಮುದ್ರದ ಬದಿಯವರಿಗೆ ಏಪ್ರಿಲ್-ಮೇ ತಿಂಗಳಲ್ಲಿ ಪಂಪ್ ಜಾಸ್ತಿ ಓಡಿಸಿದ್ರೆ ಬಾವಿ ಉಪ್ಪಾಗ್ತದೆ, ಸಿಹಿ ನೀರು ಇಂಗಿಸಿದಷ್ಟು ಉಪ್ಪು ಹಿಂದೆ ಇರ್ತದೆ.

ಹಿತ್ತಲಲ್ಲಿ ತರಕಾರಿ ಮಾಡ್ಬೇಕು, ಎಲ್ಲಿಂದ ಶುರು?

ಬಸಳೆ ಚಪ್ಪರದಿಂದ. ಮಳೆ ಹಿಂದೆ ಸರಿದ್ಮೇಲೆ ಬಚ್ಚಲ ನೀರು ಹೋಗೋ ಕಡೆ ಗುಂಡಿ ತೆಗೆದು ಸಗಣಿ ಗೊಬ್ಬರ, ಒಲೆ ಬೂದಿ ಹಾಕಿ ಬಸಳೆ ಬಳ್ಳಿ ತುಂಡು ನೆಡಿ. ಚಪ್ಪರಕ್ಕೆ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ), ಮುದಿ ಮರದ್ದೇ ಆಗ್ಬೇಕು, ಎಳೇ ಮರದ್ದು ಬೇಗ ಕೊಳೆತು ಕುಂಬಾಗ್ತದೆ, ಒಳಗಿನ ಮೆತ್ತನೆ ತಿರುಳು ಕೆರೆದು ತೆಗೆದು ಒಣಗಿಸಿ. ಕಂಬ ನೆಲದಲ್ಲಿ ಹೂಳೋ ಬದ್ಲು ಹಳೇ ಪಿವಿಸಿ ಪೈಪಿನ ತುಂಡು ಹೂತು ಅದರೊಳಗೆ ನಿಲ್ಲಿಸಿದ್ರೆ ಬುಡ ಮಣ್ಣಿಗೆ ತಾಗೋದಿಲ್ಲ, ತಳದಲ್ಲಿ ನೀರು ಇಳಿದು ಹೋಗೋಕೆ ಜೆಲ್ಲಿ ಹಾಕಿ. ಎತ್ತರ ನಿಮ್ಮ ಕೈ ಎಟುಕುವಷ್ಟೇ ಇರ್ಲಿ, ಕೊಯ್ಯೋಕೆ ಸ್ಟೂಲ್ ತರೋ ಹಾಗೆ ಕಟ್ಟಿದ ಚಪ್ಪರ ಮಂಗಕ್ಕೇ ಅನುಕೂಲ.

ಮಳೆಗಾಲಕ್ಕೆ ಸವತೆ, ಹೀರೆ, ಹಾಗಲ, ಮಣ್ಣು ಒಂದಡಿ ಏರಿಸಿ ಏರಿ ಮಾಡಿ, ಇಲ್ದಿದ್ರೆ ಬುಡ ಕೊಳೀತದೆ. ನಮ್ಮ ಕೆಂಪು ಮಣ್ಣು ಹುಳಿ, ವರ್ಷಕ್ಕೊಮ್ಮೆ ಕೃಷಿ ಸುಣ್ಣ ಹಾಕಿ. ಮಣ್ಣಿನ ಮುಚ್ಚಿಗೆಗೆ ದರಕು (ಒಣ ಎಲೆ) ಬೇಕಾದ್ರೆ ಬೇಸಿಗೇಲಿ ಕಾಡಿಗೆ ಹೋಗುವಾಗ ಸಿದ್ದಾಪುರ ಕಡೆಯವರು ಉಣ್ಣಿ ಬಗ್ಗೆ ಜಾಗ್ರತೆ, ಮಂಗನ ಕಾಯಿಲೆ ಅದರಿಂದಲೇ. ಮೈ ತುಂಬ ಬಟ್ಟೆ, ಆಸ್ಪತ್ರೇಲಿ ಕೊಡೋ ಎಣ್ಣೆ ಹಚ್ಕೊಂಡು ಹೋಗಿ, ಬಂದ್ಮೇಲೆ ಬಿಸಿನೀರು ಸ್ನಾನ.

ಬೇಲಿ ಯಾವುದು ಮಾಡೋದು? ಹಂದಿ ಬರ್ತದೆ, ಕರೆಂಟ್ ಕೊಡ್ಬೋದಾ?

ಮನೆ ಕರೆಂಟ್ ಬೇಲಿಗೆ ಕೊಡೋದು ಅಪರಾಧ, ಹಂದಿಗಿಂತ ಮೊದಲು ದನವೋ ಪಕ್ಕದ ಮನೆ ಹುಡುಗನೋ ಸಾಯ್ತಾರೆ. ಬೇಲಿಗಂತಲೇ ಮಾಡಿದ ಎನರ್ಜೈಸರ್ (ಬಿಟ್ಟು ಬಿಟ್ಟು ಸಣ್ಣ ಶಾಕ್ ಕೊಡೋ ಪೆಟ್ಟಿಗೆ) ಇದ್ರೆ ಮಾತ್ರ, ಬೋರ್ಡ್ ಹಾಕಿ. ನನ್ನ ಕೇಳಿದ್ರೆ ಜೂನಲ್ಲಿ ಗ್ಲಿರಿಸಿಡಿಯಾ ಗೂಟ ಒತ್ತಾಗಿ ನೆಟ್ಟು ನಡುವೆ ದಾಸವಾಳ, ಮೊದಲೆರಡು ವರ್ಷ ದಬ್ಬೆ ಬೇಲಿ ಆಸರೆ. ಸೊಪ್ಪು ಗೊಬ್ಬರಕ್ಕೂ ಆಯ್ತು.

ಲೈಟು, ಪ್ಲಗ್ಗು, ಮಿಂಚು?

ಮೇನ್ ಆಫ್ ಮಾಡಿ, ಟೆಸ್ಟರಲ್ಲಿ ನೋಡಿ, ಸ್ವಿಚ್ ಬದಲಾಯಿಸೋದು ತನಕ ಸರಿ, ಅದರ ಮೇಲಿಂದು ಲೈಸೆನ್ಸ್ ಇದ್ದವರಿಗೆ. ಮನೇಲಿ 30 ಮಿಲಿ ಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಕೂಡ್ಲೇ ಕಡಿದುಬಿಡೋ ಸ್ವಿಚ್) ಇಲ್ಲ ಅಂದ್ರೆ ಈ ಪಟ್ಟೀಲಿ ಇರೋ ಬೇರೆ ಎಲ್ಲಾ ಕೆಲಸ ಬಿಟ್ಟು ಅದನ್ನ ಹಾಕಿಸಿ. ಒದ್ದೆ ಗೋಡೆ, ಒದ್ದೆ ಬಚ್ಚಲು, ಬಾವಿ ಪಂಪು ಇರೋ ಊರು ಇದು. ಚಿರೇಕಲ್ಲಿನ ನೆಲ ಬೇಸಿಗೇಲಿ ಒಣಗಿ ಅರ್ಥಿಂಗ್ ದುರ್ಬಲ ಆಗ್ತದೆ, ಅರ್ಥ್ ಗುಂಡಿಗೆ ನೀರು ಹಾಕಿ. ಮೇ ತಿಂಗಳ ಗುಡುಗಿಗೆ ಟಿವಿ, ಮೋಡೆಮ್ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಸಾಲದು. ಲೈನ್ ತುಂಡಾಗಿ ಬಿದ್ದಿದ್ರೆ ಹತ್ತಿರ ಹೋಗದೆ ಹೆಸ್ಕಾಂಗೆ (ವಿದ್ಯುತ್ ಕಂಪನಿ) 1912ಕ್ಕೆ ಫೋನ್ ಮಾಡಿ.

ಶೆಡ್ಡು, ಪಾಗಾರ (ಕಾಂಪೌಂಡ್ ಗೋಡೆ) ಕಟ್ಟೋಕೆ ಪರ್ಮಿಶನ್ ಬೇಕಾ?

ರಿಪೇರಿ, ಪೇಂಟಿಗೆ ಬೇಡ. ಹೊಸದಾಗಿ ಕಟ್ಟೋದಾದ್ರೆ ಪಂಚಾಯ್ತಿ ಅಥವಾ ನಗರಸಭೇಲಿ ಕೇಳಿಯೇ ಶುರು ಮಾಡಿ. ಸಮುದ್ರದ ಭರತ ರೇಖೆಯಿಂದ (ಉಬ್ಬರದ ನೀರು ಏರೋ ಗಡಿಯಿಂದ) 500 ಮೀಟರ್ ಒಳಗೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಬರ್ತದೆ, ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ಉಬ್ಬರದ ನೀರು ಹತ್ತೋ ದಡಕ್ಕೂ ಸೇರ್ತದೆ, ಮನೆಯಿಂದ ಕಡಲು ಕಾಣೋದಿಲ್ಲ ಅಂದ ಮಾತ್ರಕ್ಕೆ ನೀವು ಹೊರಗೆ ಅಂತಲ್ಲ. ಮರ ಕಡಿಯೋದಿದ್ರೆ ಸ್ವಂತ ಜಾಗವಾದ್ರೂ ಅರಣ್ಯ ಇಲಾಖೇಲಿ ಮೊದಲೇ ವಿಚಾರಿಸಿ.

ಕೊಟ್ಟಿಗೆ ಮೇಲಿನ ಹಳೇ ಸಿಮೆಂಟ್ ಶೀಟ್, ಉಳಿದ ಪೇಂಟ್ ಎಂತ ಮಾಡೋದು?

ಹಳೇ ಸಿಮೆಂಟ್ ಶೀಟಲ್ಲಿ ಕಲ್ನಾರು ಇರ್ತದೆ, ಒಡೆದಾಗ ಏಳೋ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ ಆಗ್ತದೆ. ಕಟಿಂಗ್ ಮೆಷಿನ್ ಹಾಕ್ಬೇಡಿ, ಸುತ್ತಿಗೇಲಿ ಒಡೀಬೇಡಿ, ನೀರು ಹೊಡೆದು ಒದ್ದೆ ಮಾಡಿ ಬೋಲ್ಟ್ ಬಿಚ್ಚಿ ಇಡೀ ಶೀಟ್ ಇಳಿಸಿ, ಮಾಮೂಲಿ ಬಟ್ಟೆ ಮಾಸ್ಕ್ ಇದಕ್ಕೆ ಸಾಲೋದಿಲ್ಲ. ತುಂಡನ್ನ ರಸ್ತೆ ಹೊಂಡಕ್ಕೆ ತುಂಬೋದು ಬಿಡಿ, ಪಂಚಾಯ್ತಿಯವರನ್ನ ಕೇಳಿ ಕೊಡಿ. ಉಳಿದ ಪೇಂಟ್ ಡಬ್ಬಿಯ ಮುಚ್ಚಳ ಗಟ್ಟಿ ಒತ್ತಿ, ಮೇಲೆ ಯಾವ ಕೋಣೆದು ಅಂತ ಬರೆದು ತಲೆಕೆಳಗಾಗಿ ಇಟ್ರೆ ಕೆನೆ ಕಟ್ಟೋದು ಕಮ್ಮಿ. ಬ್ರಶ್ ತೊಳೆದ ನೀರನ್ನ ಮಾತ್ರ ಬಾವಿ ಕಟ್ಟೆ ಹತ್ತಿರ, ಹಳ್ಳದ ಬದಿಗೆ ಚೆಲ್ಬೇಡಿ.